ಒಳಗಿನ ನೀತಿ, ಎದುರಿನ ಮನುಷ್ಯ

ಮತ್ತಾಯನ ಸುವಾರ್ತೆಯ 5ರಿಂದ 7ನೇ ಅಧ್ಯಾಯದವರೆಗೆ ಬರುವ ಯೇಸುವಿನ ಉಪದೇಶಕ್ಕೆ ಪರ್ವತ ಪ್ರಸಂಗ ಎಂದು ಹೆಸರು. ಕ್ರೈಸ್ತರಲ್ಲದವರೂ ಇದನ್ನು ಓದಿ ಮನಸೋತಿದ್ದಾರೆ. ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಗಾಂಧೀಜಿ ಅದನ್ನು ಗೀತೆಯ ಪಕ್ಕದಲ್ಲಿಟ್ಟು ನೋಡಿದವರು. ಈ ಉಪದೇಶದ ಮೊದಲ ಅಧ್ಯಾಯದಲ್ಲಿ ಯೇಸು ಆರು ಬಾರಿ ಒಂದೇ ಧಾಟಿಯಲ್ಲಿ ಮಾತಾಡುತ್ತಾನೆ. ಹಿಂದಿನವರಿಗೆ ಕೊಟ್ಟ ಆಜ್ಞೆ ಏನೆಂದು ನೆನಪಿಸಿ, ತಾನು ಏನು ಹೇಳುತ್ತೇನೆಂದು ಅದರ ಎದುರಿಗೆ ಇಡುತ್ತಾನೆ. ಕೊಲೆ ಮಾಡದಿದ್ದರೆ ಸಾಲದು, ಸಿಟ್ಟಿಗೂ ಲೆಕ್ಕ ಒಪ್ಪಿಸಬೇಕು. ವ್ಯಭಿಚಾರ ಮಾಡದಿದ್ದರೆ ಸಾಲದು, ಕಾಮದ ಕಣ್ಣಿಗೂ ಉತ್ತರ ಕೊಡಬೇಕು. ಶಾಸ್ತ್ರಿಗಳ, ಫರಿಸಾಯರೆಂಬ ಯೆಹೂದಿ ಪಂಥದವರ ನೀತಿಗಿಂತ ನಿಮ್ಮ ನೀತಿ ಮಿಗಿಲಾಗಬೇಕು ಎಂಬುದು ಇದಕ್ಕೆ ಪೀಠಿಕೆ. ಅಂತರಂಗ ಶುದ್ಧಿಯ ಮಾತನ್ನು ಕೇಳುತ್ತಲೇ ಬೆಳೆದ ನಮಗೆ ಇದು ಥಟ್ಟನೆ ಅರ್ಥವಾದಂತೆ ತೋರುತ್ತದೆ. ಧರ್ಮವನ್ನು ನಡತೆಯಿಂದ ಮನಸ್ಸಿಗೆ, ಹೊರಗಿನಿಂದ ಒಳಗೆ ತಂದವನು ಯೇಸು ಎಂದು ಹೇಳಿ ಮುಂದೆ ಹೋಗುತ್ತೇವೆ. ಈ ಓದು ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ. ಯೇಸು ಒಳಗೆ ಕರೆದೊಯ್ಯುವುದು ನಿಜ, ಆದರೆ ಅಲ್ಲಿ ಕೂರಿಸುವುದಿಲ್ಲ. ಮನಸ್ಸು ಸರಿಯಾಗಿದೆಯೇ ಎಂಬುದನ್ನು ತೀರ್ಮಾನಿಸುವ ಜಾಗ ಮತ್ತೆ ಹೊರಗೇ ಇದೆ, ಎದುರಿನ ಮನುಷ್ಯನ ಬಳಿ.

ಸಿಟ್ಟಿನ ಮಾತಾದ ಕೂಡಲೇ ಯೇಸು ಕೊಡುವ ಉದಾಹರಣೆಯನ್ನೇ ನೋಡಿ. ಒಬ್ಬ ಬಲಿಪೀಠಕ್ಕೆ ಕಾಣಿಕೆ ತಂದಿದ್ದಾನೆ. ಅರ್ಪಿಸುವ ಹೊತ್ತಿಗೆ ಸರಿಯಾಗಿ, ತನ್ನ ಸಹೋದರನಿಗೆ ತನ್ನ ಮೇಲೆ ಏನೋ ದೂರಿದೆ ಎಂಬುದು ನೆನಪಾಗುತ್ತದೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಅವನು ಹೊರಡಬೇಕು, ರಾಜಿಯಾಗಬೇಕು, ಆಮೇಲೆ ಬಂದು ಅರ್ಪಿಸಬೇಕು. ಇದನ್ನು ಕೇಳುತ್ತಿದ್ದವರು ಗಲಿಲಾಯದವರು, ಸರೋವರದ ದಂಡೆಯ ಬೆಸ್ತರು, ರೈತರು. ಬಲಿಪೀಠ ಇದ್ದದ್ದು ಯೆರೂಸಲೇಮಿನ ದೇವಾಲಯದಲ್ಲಿ ಮಾತ್ರ. ಸಮಾರ್ಯದ ಮೂಲಕ ಬೇಗ ನಡೆದರೂ ಗಲಿಲಾಯದಿಂದ ಅಲ್ಲಿಗೆ ಮೂರು ದಿನದ ದಾರಿ ಎಂದು ಆ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಮೂರು ದಿನ ನಡೆದು, ಜನಜಂಗುಳಿಯಲ್ಲಿ ಸರದಿ ಕಾದು, ಯಾಜಕನ ಎದುರು ನಿಂತವನು ಕುರಿಮರಿಯನ್ನೋ ಜೋಡಿ ಪಾರಿವಾಳವನ್ನೋ ಅಲ್ಲೇ ಬಿಟ್ಟು ಊರಿಗೆ ಮೂರು ದಿನ ವಾಪಸು ನಡೆಯಬೇಕು, ಅಲ್ಲಿ ಮುನಿಸು ತೀರಿಸಿಕೊಂಡು ಇನ್ನೂ ಮೂರು ದಿನ ನಡೆದು ಬರಬೇಕು. ಆ ದಾರಿಯಲ್ಲಿ ಕಾಲು ಸವೆಸಿದವರಿಗೆ ಈ ಮಾತು ಎಷ್ಟು ದುಬಾರಿಯದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇನ್ನೂ ಒಂದು ಸಂಗತಿಯಿದೆ. ಮಾತು ಶುರುವಾದದ್ದು ನನ್ನ ಸಿಟ್ಟಿನಿಂದ. ಉದಾಹರಣೆಯಲ್ಲಿ ಇರುವುದು ನನ್ನ ಮೇಲೆ ಇನ್ನೊಬ್ಬನಿಗಿರುವ ಸಿಟ್ಟು. ಕಾಣಿಕೆ ತಂದವನ ಮನಸ್ಸು ಶಾಂತವಾಗಿಯೇ ಇದ್ದಿರಬಹುದು, ಭಕ್ತಿಯಿಂದಲೇ ತುಂಬಿರಬಹುದು. ಆ ಶಾಂತಿಯನ್ನು ಯೇಸು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿನ್ನಿಂದ ನೊಂದವನೊಬ್ಬ ಊರಲ್ಲಿ ಇದ್ದಾನಲ್ಲ ಎಂಬುದೇ ಅವನ ಪ್ರಶ್ನೆ. ಧ್ಯಾನದಲ್ಲಿ ಕೂತು ಸಿಟ್ಟನ್ನು ಕರಗಿಸಿಕೊಳ್ಳುವುದಷ್ಟೇ ಈ ಬೋಧನೆಯ ಗುರಿಯಾಗಿದ್ದರೆ ಈ ಉದಾಹರಣೆ ಇಲ್ಲಿ ಬರಬೇಕಾದ ಕಾರಣವೇ ಇರಲಿಲ್ಲ.

ಯೆಹೂದಿ ಧರ್ಮ ಬರೀ ಹೊರಗಿನ ಆಚಾರ, ಯೇಸು ತಂದದ್ದು ಒಳಗಿನ ಧರ್ಮ ಎಂದು ಕ್ರೈಸ್ತರೇ ಶತಮಾನಗಳ ಕಾಲ ಹೇಳಿಕೊಂಡು ಬಂದರು. ಇದು ತಪ್ಪು, ಮತ್ತು ಚರಿತ್ರೆಯಲ್ಲಿ ಬಹಳ ಕೆಡುಕು ಮಾಡಿದ ತಪ್ಪು. ಹತ್ತು ಆಜ್ಞೆಗಳಲ್ಲಿ ಕೊನೆಯದು ನೆರೆಯವನ ಹೆಂಡತಿಯನ್ನೂ ಸೊತ್ತನ್ನೂ ಆಶಿಸಬಾರದು ಎನ್ನುತ್ತದೆ. ಆಸೆ ಇರುವುದು ಮನಸ್ಸಿನಲ್ಲಿ. ಸಹೋದರನನ್ನು ಹೃದಯದಲ್ಲಿ ದ್ವೇಷಿಸಬಾರದೆಂಬ ಮಾತು ಯಾಜಕಕಾಂಡದ 19ನೇ ಅಧ್ಯಾಯದಲ್ಲೇ ಇದೆ. ಕ್ರಿ.ಶ. 200ರ ಹೊತ್ತಿಗೆ ಸಂಕಲನವಾದ ಮಿಷ್ನಾದ ಯೋಮಾ ಎಂಬ ಭಾಗ ಇನ್ನೂ ಸ್ಪಷ್ಟ. ದೇವರಿಗೆ ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತದ ದಿನ ಪರಿಹಾರ ಕೊಡುತ್ತದೆ, ಮನುಷ್ಯನಿಗೆ ಮಾಡಿದ ಪಾಪಕ್ಕೆ ಆ ಮನುಷ್ಯನನ್ನು ಸಮಾಧಾನ ಪಡಿಸುವ ತನಕ ಪರಿಹಾರವಿಲ್ಲ ಎಂದು ಅಲ್ಲಿನ ರಬ್ಬಿಗಳ ತೀರ್ಪು. ಯೇಸು ಮಾತಾಡುತ್ತಿದ್ದುದು ಈ ಪರಂಪರೆಯ ಒಳಗೇ ನಿಂತು. ಇದು ನನ್ನ ವಾದವನ್ನು ಸಡಿಲಗೊಳಿಸುವುದಿಲ್ಲ, ಬಿಗಿಗೊಳಿಸುತ್ತದೆ. ಒಳಗಿನ ನೀತಿಯನ್ನು ನೆರೆಯವನ ಬಾಗಿಲಲ್ಲಿ ಪರೀಕ್ಷಿಸುವ ಕ್ರಮವನ್ನು ಅವನು ತನ್ನ ಜನರಿಂದಲೇ ಪಡೆದಿದ್ದ.

ಸಿಟ್ಟೆಲ್ಲ ಪಾಪವೇ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಅನ್ಯಾಯ ಕಂಡರೆ ಸಿಟ್ಟು ಬರಬೇಕಲ್ಲವೇ? ತುಳಿಸಿಕೊಂಡವರಿಗೆ ಸಿಟ್ಟನ್ನೂ ನಿಷೇಧಿಸಿದರೆ ಅವರ ಕೈಯಲ್ಲಿ ಇನ್ನೇನು ಉಳಿಯಿತು? ಈ ಕಸಿವಿಸಿ ಬಹಳ ಹಳೆಯದು ಎಂಬುದಕ್ಕೆ ಹಸ್ತಪ್ರತಿಗಳೇ ಸಾಕ್ಷಿ. 4ನೇ ಶತಮಾನದ ವ್ಯಾಟಿಕನಸ್ ಮತ್ತು ಸಿನೈಟಿಕಸ್ ಪ್ರತಿಗಳ ಮೂಲ ಬರಹದಲ್ಲಿ ಸಹೋದರನ ಮೇಲೆ ಸಿಟ್ಟುಗೊಳ್ಳುವ ಪ್ರತಿಯೊಬ್ಬನೂ ಎಂದಷ್ಟೇ ಇದೆ. ಬೇರೆ ಬಹಳಷ್ಟು ಪ್ರತಿಗಳಲ್ಲಿ ಕಾರಣವಿಲ್ಲದೆ ಎಂಬ ನಿಬಂಧನೆ ಸೇರಿಕೊಂಡಿದೆ. ಸಿನೈಟಿಕಸ್ ಪ್ರತಿಯಲ್ಲೇ ಅದನ್ನು ಆಮೇಲೆ ತಿದ್ದಿದ ಕೈಯೊಂದು ಸೇರಿಸಿದೆ. ಮೂಲದಲ್ಲಿ ಅದು ಇರಲಿಲ್ಲ, ತೆಗೆದುಹಾಕಬೇಕು ಎಂದು 4ನೇ ಶತಮಾನದ ಕೊನೆಗೆ ಜೆರೋಮ್ ಬರೆದ. ಆದರೂ 1611ರ ಇಂಗ್ಲಿಷ್ ಬೈಬಲಿನವರೆಗೆ ಅದು ಉಳಿದುಕೊಂಡು ಬಂತು. ಕಾರಣವಿಲ್ಲದೆ ಎಂದು ಒಮ್ಮೆ ಸೇರಿಸಿದರೆ ಸಾಕು, ಈ ಆಜ್ಞೆ ಯಾರಿಗೂ ತಾಗುವುದಿಲ್ಲ. ತನ್ನ ಸಿಟ್ಟಿಗೆ ಕಾರಣವಿಲ್ಲ ಎಂದು ಒಪ್ಪಿಕೊಳ್ಳುವವರು ಯಾರು? ಹಾಗಾಗಿ ಆಕ್ಷೇಪಕ್ಕೆ ಉತ್ತರವನ್ನು ಈ ರಿಯಾಯಿತಿಯಲ್ಲಿ ಹುಡುಕುವುದು ಸರಿಯಲ್ಲ. ಉತ್ತರ ಮುಂದಿನ ಮಾತಿನಲ್ಲೇ ಇದೆ. ಸಿಟ್ಟಿನ ಬೆನ್ನಿಗೇ ಯೇಸು ಎರಡು ಬೈಗುಳಗಳನ್ನು ಹೆಸರಿಸುತ್ತಾನೆ, ಎರಡೂ ಎದುರಿನವನನ್ನು ತಲೆಯಿಲ್ಲದವ, ಬೆಲೆಯಿಲ್ಲದವ ಎಂದು ತಳ್ಳಿಹಾಕುವಂಥವು. ಅವನ ಗುರಿ ಸಿಟ್ಟಿನ ಕಾವಿಗಿಂತ ಹೆಚ್ಚಾಗಿ ಅದರೊಳಗಿನ ತಾತ್ಸಾರ. ಮಾರ್ಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಯೇಸುವೇ ಸಿಟ್ಟಾಗುತ್ತಾನೆ. ಸಬ್ಬತ್ ದಿನ ಸಭಾಮಂದಿರದಲ್ಲಿ ಕೈ ಬತ್ತಿದ ಒಬ್ಬನಿದ್ದಾನೆ, ಅವನನ್ನು ವಾಸಿಮಾಡಿದರೆ ತಪ್ಪು ಹಿಡಿಯಲು ಕೆಲವರು ಕಾದಿದ್ದಾರೆ. ಯೇಸು ಅವರನ್ನು ಸಿಟ್ಟಿನಿಂದ ನೋಡಿದ, ಅವರ ಮನಸ್ಸಿನ ಗಡಸುತನಕ್ಕೆ ಮರುಗಿದ, ಆಮೇಲೆ ಆ ಕೈಯನ್ನು ವಾಸಿಮಾಡಿದ ಎಂದಿದೆ. ಅಲ್ಲಿನ ಸಿಟ್ಟಿನಲ್ಲಿ ಮರುಕ ಬೆರೆತಿದೆ, ಅದು ಮುಗಿಯುವುದು ಒಬ್ಬನ ಕೈ ಸರಿಯಾಗುವುದರಲ್ಲಿ. ತುಳಿತಕ್ಕೊಳಗಾದವರ ಸಿಟ್ಟು ಮನುಷ್ಯನ ಬೆಲೆಗಾಗಿ ಏಳುವಂಥದ್ದು. ಅದರ ಬಾಯಿಯನ್ನು ಈ ಬೋಧನೆ ಮುಚ್ಚಿಸುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಒಂದು ತೊಡಕು ಮಾತ್ರ ಉಳಿಯುತ್ತದೆ. ಇದೇ ಮತ್ತಾಯನ 23ನೇ ಅಧ್ಯಾಯದಲ್ಲಿ ಯೇಸು ಫರಿಸಾಯರನ್ನು ಮೂರ್ಖರೆಂದು ಕರೆಯುತ್ತಾನೆ. ಇದನ್ನು ನಯವಾಗಿ ವಿವರಿಸಿ ಮುಗಿಸಿಬಿಡುವ ವ್ಯಾಖ್ಯಾನಗಳು ನನಗೆ ಒಪ್ಪಿಗೆಯಾಗಿಲ್ಲ.

ಕಾಮದ ವಿಷಯದಲ್ಲಿ ಆಕ್ಷೇಪ ಇನ್ನೂ ಗಟ್ಟಿ. ಮನಸ್ಸಿಗೆ ಬಂದು ಹೋಗುವ ಯೋಚನೆಗೂ ಶಿಕ್ಷೆಯೇ? ನೋಟವೂ ಕೃತ್ಯವೂ ಒಂದೇ ಎಂದಾದರೆ ಕೃತ್ಯವನ್ನು ತಡೆದುಕೊಂಡು ಏನು ಪ್ರಯೋಜನ? ಯೇಸು ಎರಡನ್ನೂ ಸಮ ಎಂದಿಲ್ಲ, ಒಂದೇ ಬೇರಿನವು ಎಂದಿದ್ದಾನೆ. ಕೃತ್ಯ ನಡೆದ ಮೇಲೆ ನಮ್ಮ ನ್ಯಾಯಾಲಯಗಳೂ ಉದ್ದೇಶ ಏನಿತ್ತೆಂದು ಕೇಳುತ್ತವೆ; ಯೇಸು ಆ ಪ್ರಶ್ನೆಯನ್ನು ಕೃತ್ಯಕ್ಕೆ ಮೊದಲೇ ಕೇಳುತ್ತಾನೆ. ಬಂದು ಹೋಗುವ ಯೋಚನೆಯ ಮಟ್ಟಿಗೆ ಹಳೆಯ ಗುರುಗಳು ನಮ್ಮಲ್ಲಿ ಹಲವರಿಗಿಂತ ಮೃದುವಾಗಿದ್ದರು. ಈಜಿಪ್ಟಿನ ಮರುಭೂಮಿಯಲ್ಲಿ ಸನ್ಯಾಸಿಯಾಗಿದ್ದು 399ರಲ್ಲಿ ತೀರಿಕೊಂಡ ಇವಾಗ್ರಿಯಸ್, ಯೋಚನೆಗಳು ಬರುವುದು ನಮ್ಮ ಕೈಯಲ್ಲಿಲ್ಲ, ಅವು ತಂಗುವುದು ನಮ್ಮ ಕೈಯಲ್ಲಿದೆ ಎಂದು ಕಲಿಸಿದ. ಅದೇ ಕಾಲದಲ್ಲಿ ಅಗಸ್ಟೀನ್ ಪರ್ವತ ಪ್ರಸಂಗಕ್ಕೆ ಬರೆದ ವ್ಯಾಖ್ಯಾನದಲ್ಲಿ ಪಾಪಕ್ಕೆ ಮೂರು ಮೆಟ್ಟಿಲು ಗುರುತಿಸಿದ: ಮೊದಲು ಮನಸ್ಸಿಗೆ ಸೂಚನೆ ಬರುತ್ತದೆ, ಆಮೇಲೆ ಅದರಲ್ಲಿ ಸುಖ, ಆಮೇಲೆ ಒಪ್ಪಿಗೆ. ಪಾಪ ಪೂರ್ತಿಯಾಗುವುದು ಒಪ್ಪಿಗೆಯಲ್ಲಿ. ಕಣ್ಣು ಕಿತ್ತು ಬಿಸಾಡಬೇಕೆಂಬ ಯೇಸುವಿನ ಭಯಂಕರ ಮಾತನ್ನೂ ಕ್ರೈಸ್ತ ಸಭೆ ಅಕ್ಷರಶಃ ತೆಗೆದುಕೊಳ್ಳಲಿಲ್ಲ. ಆರೋಗ್ಯವಾಗಿದ್ದೂ ತಾನೇ ಬೀಜ ಒಡೆದುಕೊಂಡವನಿಗೆ ಪಾದ್ರಿಯಾಗುವ ಅರ್ಹತೆಯಿಲ್ಲ ಎಂಬುದು 325ರ ನೈಸಿಯ ಮಹಾಸಭೆಯ ಮೊದಲ ನಿಯಮ.

ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಹೊಣೆ ಯಾರ ಮೇಲೆ ಬಿದ್ದಿದೆ ಎಂಬುದು. ಯೇಸುವಿಗಿಂತ ಸುಮಾರು 200 ವರ್ಷ ಹಿಂದಿನ ಬೆನ್ ಸೀರ ಎಂಬ ಜ್ಞಾನಿ, ಚೆಲುವೆಯ ಕಡೆ ನೋಡಬೇಡ, ಹೆಣ್ಣಿನ ಸೌಂದರ್ಯಕ್ಕೆ ಬಲಿಯಾದವರು ಬಹಳ ಎಂದು ಎಚ್ಚರಿಸಿದ್ದ. ಅಲ್ಲಿ ಅಪಾಯ ಹೆಣ್ಣಿನಿಂದ. ಯೇಸುವಿನ ಮಾತಿನಲ್ಲಿ ಹೆಣ್ಣಿನ ಮೇಲೆ ಒಂದೂ ದೂರಿಲ್ಲ. ಅವಳ ಉಡುಗೆ, ನಡಿಗೆ, ಅವಳು ಅಲ್ಲಿಗೆ ಯಾಕೆ ಬಂದಳು, ಇದಾವುದರ ಪ್ರಸ್ತಾಪವೂ ಇಲ್ಲ. ಕೀಳಬೇಕಾದ ಕಣ್ಣು ನೋಡಿದವನದು, ಕಡಿಯಬೇಕಾದ ಕೈ ಅವನದು. ಸಿಟ್ಟಿನ ಮಾತಿನಂತೆ ಇಲ್ಲೂ ಎದುರಿನ ವ್ಯಕ್ತಿ ಪೂರ್ಣ ಮನುಷ್ಯಳೋ ಬಳಸುವ ವಸ್ತುವೋ ಎಂಬುದೇ ಪ್ರಶ್ನೆ. ದುಃಖದ ಸಂಗತಿಯೆಂದರೆ ಸಭೆ ಈ ಹೊಣೆಯನ್ನು ಬೇಗನೆ ತಿರುವುಮುರುವು ಮಾಡಿತು. ಎರಡು ಶತಮಾನ ಕಳೆಯುವುದರೊಳಗೆ ಕಾರ್ಥೇಜಿನ ಟರ್ಟುಲಿಯನ್ ಹೆಂಗಸರ ಅಲಂಕಾರದ ವಿರುದ್ಧ, ಮುಸುಕಿನ ಪರವಾಗಿ ಗ್ರಂಥಗಳನ್ನೇ ಬರೆದು, ಪಾಪ ಲೋಕಕ್ಕೆ ಬಂದ ಬಾಗಿಲು ಹೆಣ್ಣು ಎಂದ. ಗಂಡಸಿನ ಕಣ್ಣಿಗೆ ಕೊಟ್ಟ ಆಜ್ಞೆಯನ್ನು ಹೆಂಗಸಿನ ಸೆರಗಿಗೆ ಕಟ್ಟುವ ಈ ಚಾಳಿ ಇಂದಿಗೂ ಹೋಗಿಲ್ಲ, ಕ್ರೈಸ್ತರಲ್ಲಿ ಮಾತ್ರವೂ ಅಲ್ಲ.

ರಾಜಿಯ ಮಾತನ್ನಾದರೋ ಮೊದಲ ತಲೆಮಾರುಗಳು ಹೇಳಿದಂತೆಯೇ ನಡೆಸಲು ಹೊರಟವು. ಕ್ರಿ.ಶ. 100ರ ಆಸುಪಾಸಿನ ದಿದಾಖೆ ಎಂಬ ಪುಟ್ಟ ಕೈಪಿಡಿ ಶತಮಾನಗಳ ಕಾಲ ಕಣ್ಮರೆಯಾಗಿದ್ದು 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ಜೊತೆಯವನೊಡನೆ ಜಗಳವಿರುವವನು ರಾಜಿಯಾಗುವ ತನಕ ಭಾನುವಾರದ ಕೂಟಕ್ಕೆ ಸೇರಬಾರದು ಎಂದು ಅದರಲ್ಲಿದೆ. 3ನೇ ಶತಮಾನದ ಸಿರಿಯಾದ ದಿದಸ್ಕಾಲಿಯ ಎಂಬ ಗ್ರಂಥ ಇದಕ್ಕೊಂದು ವ್ಯವಸ್ಥೆಯನ್ನೇ ಕಟ್ಟುತ್ತದೆ. ಜನರ ವ್ಯಾಜ್ಯಗಳನ್ನು ಬಿಷಪರು ಸೋಮವಾರ ಕೇಳಬೇಕು. ಯಾಕೆ ಸೋಮವಾರ? ತೀರ್ಪಿಗೆ ಯಾರಾದರೂ ತಕರಾರು ತೆಗೆದರೆ ಮಾತಾಡಿ ಬಗೆಹರಿಸಲು ಶನಿವಾರದ ತನಕ ಬಿಡುವು ಸಿಗುತ್ತದೆ, ಭಾನುವಾರದ ಆರಾಧನೆಗೆ ಎರಡೂ ಕಡೆಯವರು ಒಂದಾಗಿ ಬರಬಹುದು. ಆರಾಧನೆಯ ಹೊತ್ತಿಗೆ ಡೀಕನ್ ಎದ್ದು, ಇಲ್ಲಿ ಯಾರಿಗಾದರೂ ಯಾರ ಮೇಲಾದರೂ ದೂರಿದೆಯೇ ಎಂದು ಗಟ್ಟಿಯಾಗಿ ಕೇಳಬೇಕು. ಮನಸ್ಸಿನ ನೀತಿಗಾಗಿ ವಾರದ ದಿನಚರಿಯನ್ನೇ ಹೊಂದಿಸಿದ ಈ ಏರ್ಪಾಡನ್ನು ನಾನು ಯಾವ ದೇವಶಾಸ್ತ್ರದ ವ್ಯಾಖ್ಯಾನಕ್ಕಿಂತಲೂ ಮೇಲಾಗಿ ಕಾಣುತ್ತೇನೆ. ಇದರ ಎಳೆ ನಮ್ಮ ನಾಡಿಗೂ ಬಂದಿದೆ. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ ತನ್ನ ಆರಾಧನಾ ಕ್ರಮವನ್ನು ರೂಪಿಸುವಾಗ, ಸಿರಿಯನ್ ಕ್ರೈಸ್ತರ ರೂಢಿಯಂತೆ ಕೈಯಿಂದ ಕೈಗೆ ಸಮಾಧಾನ ದಾಟಿಸುವ ವಿಧಿಯನ್ನು ಕಾಣಿಕೆಗೆ ಹೊಂದಿಕೊಂಡೇ ಇಟ್ಟಿತು. ಭಾರತದ ಕಥೋಲಿಕರು ಪೂಜೆಯಲ್ಲಿ ಕೈಮುಗಿದು ಸಮಾಧಾನ ಕೋರಲು 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು. ಈಗ ಕನ್ನಡದ ಚರ್ಚುಗಳಲ್ಲೂ ಜನ ಅಕ್ಕಪಕ್ಕದವರಿಗೆ ಕೈಮುಗಿಯುತ್ತಾರೆ. ಆದರೆ ಪಕ್ಕದಲ್ಲಿ ಕೂತವನೊಡನೆ ಸಾಮಾನ್ಯವಾಗಿ ಜಗಳ ಇರುವುದಿಲ್ಲ. ಆಸ್ತಿಗಾಗಿ ಕೋರ್ಟು ಹತ್ತಿದ ಅಣ್ಣ ಕೂರುವುದು ಬೇರೆ ಸಾಲಿನಲ್ಲಿ.

ಇನ್ನು ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ. ರಾಜಿ, ಕ್ಷಮೆ ಎಂಬ ಮಾತುಗಳನ್ನು ಬಳಸಿ ನೊಂದವರನ್ನೇ ಮತ್ತೆ ಬಗ್ಗಿಸಲಾಗಿದೆ. ಹೊಡೆಯುವ ಗಂಡನ ಮನೆಗೆ ಹೆಂಡತಿಯನ್ನು ಬುದ್ಧಿ ಹೇಳಿ ಕಳಿಸುವವರು, ದೌರ್ಜನ್ಯಕ್ಕೆ ಒಳಗಾದವರನ್ನು ಕ್ಷಮಿಸಿಬಿಡಿ ಎಂದು ಒತ್ತಾಯಿಸುವವರು ಈ ವಚನಗಳನ್ನೇ ಹಿಡಿದುಕೊಂಡು ಬರುತ್ತಾರೆ. ಅವರು ಉದಾಹರಣೆಯನ್ನು ತಲೆಕೆಳಗು ಓದಿದ್ದಾರೆ. ಕಾಣಿಕೆ ಬಿಟ್ಟು ದಾರಿ ಹಿಡಿಯಬೇಕಾದವನು ದೂರು ಹೊತ್ತವನು, ಅಂದರೆ ತಪ್ಪು ಮಾಡಿದವನು. ನೊಂದವನು ತನ್ನ ಮನೆಯಲ್ಲೇ ಇದ್ದಾನೆ, ಅವನು ಏನು ಮಾಡಬೇಕೆಂದು ಆ ಮಾತಿನಲ್ಲಿ ಎಲ್ಲಿಯೂ ಇಲ್ಲ. ಬೇರೆ ಕಡೆ ಯೇಸು ಕ್ಷಮಿಸಲು ಹೇಳಿದ್ದಾನೆ, ಎಪ್ಪತ್ತೇಳು ಬಾರಿ ಎಂದು ಲೆಕ್ಕ ಕೊಟ್ಟೇ ಹೇಳಿದ್ದಾನೆ, ನಿಜ. ಆದರೆ ಆ ಮಾತು ತಪ್ಪು ಮಾಡಿದವನ ನಡಿಗೆಯನ್ನು ಮನ್ನಾ ಮಾಡುವುದಿಲ್ಲ. ರಾಜಿಗೆ ಬೆಲೆ ತೆತ್ತವನು ಹೇಗಿರುತ್ತಾನೆ ಎಂಬುದಕ್ಕೆ ಲೂಕನ 19ನೇ ಅಧ್ಯಾಯದ ಜಕ್ಕಾಯನಿದ್ದಾನೆ. ತೆರಿಗೆ ವಸೂಲಿಯಲ್ಲಿ ಹಣ ಮಾಡಿದ ಅವನು ಅರ್ಧ ಆಸ್ತಿಯನ್ನು ಬಡವರಿಗೆ ಕೊಡುತ್ತೇನೆ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎನ್ನುತ್ತಾನೆ. ಆ ಮನೆಗೆ ರಕ್ಷಣೆ ಬಂತೆಂದು ಯೇಸು ಹೇಳುವುದು ಇದರ ನಂತರ.

ಒಂದು ಇಡೀ ದೇಶ ಈ ಬೋಧನೆಯ ನೆರಳಿನಲ್ಲಿ ರಾಜಿಗೆ ಕೂತದ್ದು ದಕ್ಷಿಣ ಆಫ್ರಿಕದಲ್ಲಿ. ವರ್ಣಭೇದದ ಆಡಳಿತ ಮುಗಿದ ಮೇಲೆ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗ 1996ರ ಏಪ್ರಿಲ್‌ನಲ್ಲಿ ವಿಚಾರಣೆ ಆರಂಭಿಸಿತು. ಮಕ್ಕಳನ್ನು, ಗಂಡಂದಿರನ್ನು ಕಳೆದುಕೊಂಡವರು ಎಲ್ಲರೆದುರು ನಿಂತು ನಡೆದದ್ದನ್ನು ಹೇಳಿದರು. ಕೊಂದವರು ಸತ್ಯ ಒಪ್ಪಿಕೊಂಡು ಕ್ಷಮಾದಾನಕ್ಕೆ ಅರ್ಜಿ ಹಾಕಿದರು. 7,000ಕ್ಕೂ ಹೆಚ್ಚು ಅರ್ಜಿಗಳು ಬಂದವು, ಬಹುಪಾಲು ತಿರಸ್ಕೃತವಾದವು. ಈ ಪ್ರಯತ್ನವನ್ನು ಹಗುರವಾಗಿ ಕಾಣುವುದು ಸಾಧ್ಯವಿಲ್ಲ. ಕಾಣೆಯಾದ ಮಗನ ಮೂಳೆ ಎಲ್ಲಿದೆಯೆಂದು ತಾಯಂದಿರಿಗೆ ಗೊತ್ತಾಗುವ ದಾರಿ ಅಲ್ಲಿ ತೆರೆಯಿತು. ಆದರೆ ನೊಂದವರು ತಮ್ಮ ಪಾಲಿನ ದಾರಿಯನ್ನು ನಡೆದು ಬಂದಷ್ಟು ದೂರ ಎದುರಿನವರು ನಡೆಯಲಿಲ್ಲ. ಆಯೋಗ ಶಿಫಾರಸು ಮಾಡಿದ್ದು ಆರು ವರ್ಷ ಪ್ರತಿವರ್ಷ ಪರಿಹಾರ. ಸರ್ಕಾರ 2003ರಲ್ಲಿ ಘೋಷಿಸಿದ್ದು ಒಬ್ಬೊಬ್ಬರಿಗೆ ಒಂದೇ ಬಾರಿ 30,000 ರ‍್ಯಾಂಡ್. ವರ್ಣಭೇದದಿಂದ ಲಾಭ ಮಾಡಿಕೊಂಡ ಉದ್ಯಮಗಳು ಸಂಪತ್ತಿನ ತೆರಿಗೆ ಕಟ್ಟಲಿ ಎಂಬ ಸಲಹೆಯಂತೂ ಜಾರಿಗೇ ಬರಲಿಲ್ಲ.