ಬರುವ ವರ್ಷದ ಸರದಿ ಮಾರಿದವರು

ಹಾಕಿ ಎಂದರೆ ನಮಗೆ ಕೊಡಗು ನೆನಪಾಗುತ್ತದೆ, ಧ್ಯಾನ್‌ಚಂದ್ ನೆನಪಾಗುತ್ತಾರೆ. ನಾನು ಹೇಳಹೊರಟಿರುವುದು ಆ ಹಾಕಿಯ ಬಗ್ಗೆ ಅಲ್ಲ. ಅಮೆರಿಕ ಮತ್ತು ಕೆನಡಾದ 32 ತಂಡಗಳು ಮಂಜುಗಡ್ಡೆಯ ಮೇಲೆ ಆಡುವ ಎನ್‌ಎಚ್‌ಎಲ್ ಎಂಬ ಐಸ್ ಹಾಕಿ ಲೀಗ್ ಇದೆಯಲ್ಲ, ಅದರ ಬಗ್ಗೆ. ನಿಜ ಹೇಳಬೇಕೆಂದರೆ ಆಟಕ್ಕಿಂತ ಅದರ ಹಿಂದಿನ ವ್ಯಾಪಾರವೇ ನನಗೆ ಹೆಚ್ಚು ಇಷ್ಟ. ಇಂಟರ್ನಲ್ಸ್‌ಗೆ ಓದಬೇಕಾದ ರಾತ್ರಿಗಳಲ್ಲಿ ಹಳೆಯ ಡ್ರಾಫ್ಟ್ ಪಟ್ಟಿಗಳನ್ನು ನೋಡುತ್ತಾ ಕುಳಿತಿದ್ದೇನೆ.

ಐಪಿಎಲ್‌ನಲ್ಲಿ ಹೊಸ ಹುಡುಗ ಬೇಕೆಂದರೆ ಹರಾಜಿನಲ್ಲಿ ದುಡ್ಡು ಸುರಿಯಬೇಕು. ಅಲ್ಲಿ ಹಾಗಿಲ್ಲ. ಹದಿನೆಂಟರ ಆಸುಪಾಸಿನ ಹುಡುಗರನ್ನು ತಂಡಗಳು ಪ್ರತಿವರ್ಷ ಏಳು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ಸೀಸನ್‌ನಲ್ಲಿ ತಳದಲ್ಲಿದ್ದವರಿಗೆ ಮೊದಲ ಸರದಿ, ಕಪ್ ಗೆದ್ದವರಿಗೆ ಕೊನೆಯದು. ಬೇಕೆಂದೇ ಸೋಲುವುದನ್ನು ತಡೆಯಲು ಪ್ಲೇಆಫ್ ತಲುಪದ ತಂಡಗಳ ನಡುವೆ ಒಂದು ಲಾಟರಿಯೂ ಇರುತ್ತದೆ. ಸೋತವನಿಗೆ ಒಳ್ಳೆಯ ಹುಡುಗ ಸಿಕ್ಕಿ, ನಾಲ್ಕೈದು ವರ್ಷಗಳಲ್ಲಿ ಅವನೂ ಎದ್ದು ನಿಲ್ಲಲಿ ಎಂಬುದು ಇದರ ಉದ್ದೇಶ. ಎಡವಟ್ಟು ಎಲ್ಲಿದೆ ಎಂದರೆ, ಈ ಸರದಿಯನ್ನೇ ಮಾರಬಹುದು. ಇನ್ನೂ ಬಾರದ ವರ್ಷದ ಮೊದಲ ಸುತ್ತಿನ ಆಯ್ಕೆಯನ್ನು ಇನ್ನೊಂದು ತಂಡಕ್ಕೆ ಬರೆದುಕೊಟ್ಟು, ಬದಲಿಗೆ ಇವತ್ತೇ ಆಡಬಲ್ಲ ಆಟಗಾರನನ್ನು ತಂದುಕೊಳ್ಳಬಹುದು.

2009ರ ಸೆಪ್ಟೆಂಬರ್‌ನಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ಮಾಡಿದ್ದು ಇದನ್ನೇ. 1967ರ ನಂತರ ಸ್ಟ್ಯಾನ್ಲಿ ಕಪ್ ಗೆಲ್ಲದ, 2004ರ ನಂತರ ಪ್ಲೇಆಫ್ ಮುಖವನ್ನೂ ನೋಡದ ತಂಡ ಅದು. ಊರಿಗೆ ಊರೇ ಹಾಕಿ ಹುಚ್ಚಿನದು, ತಾಳ್ಮೆ ಕೆಟ್ಟಿತ್ತು. ಜನರಲ್ ಮ್ಯಾನೇಜರ್ ಬ್ರಯಾನ್ ಬರ್ಕ್ ಅವರು ಬಾಸ್ಟನ್ ಬ್ರೂಯಿನ್ಸ್‌ನಿಂದ ಫಿಲ್ ಕೆಸಲ್ ಎಂಬ ಆಟಗಾರನನ್ನು ತಂದರು. ಹಿಂದಿನ ಸೀಸನ್‌ನಲ್ಲಿ 36 ಗೋಲು ಹೊಡೆದಿದ್ದ, ಇನ್ನೂ 22 ತುಂಬದ ಹುಡುಗ. ಕೊಟ್ಟ ಬೆಲೆ: 2010ರ ಮೊದಲ ಸುತ್ತು, ಅದೇ ವರ್ಷದ ಎರಡನೇ ಸುತ್ತು, 2011ರ ಮೊದಲ ಸುತ್ತು. ಕೆಸಲ್ ಬಂದರೆ ತಂಡ ಪ್ಲೇಆಫ್‌ಗೆ ಹೋಗುತ್ತದೆ, ಆಗ ಕೊಟ್ಟ ಸರದಿ ಹದಿನೈದನೆಯದೋ ಇಪ್ಪತ್ತನೆಯದೋ ಆಗುತ್ತದೆ, ಅದರಿಂದ ಕಳೆದುಕೊಳ್ಳುವುದು ಅಷ್ಟರಲ್ಲೇ ಇದೆ ಎಂಬ ಲೆಕ್ಕವಿಲ್ಲದೆ ಯಾರೂ ಇಂಥ ಬೆಲೆ ಕೊಡುವುದಿಲ್ಲ.

ಮೊದಲ ಎಂಟು ಪಂದ್ಯಗಳಲ್ಲಿ ಟೊರಾಂಟೊ ಒಂದನ್ನೂ ಗೆಲ್ಲಲಿಲ್ಲ. ಭುಜದ ಶಸ್ತ್ರಚಿಕಿತ್ಸೆಯಾಗಿದ್ದ ಕೆಸಲ್ ಆಗ ಅಂಗಳದಲ್ಲೇ ಇರಲಿಲ್ಲ. ಬಂದ ಮೇಲೆ 30 ಗೋಲು ಹೊಡೆದ, ಪಾಪ. ಆದರೂ ತಂಡ 30ರಲ್ಲಿ 29ನೆಯದಾಗಿ ಮುಗಿಸಿತು. ಅಂದರೆ ಬಾಸ್ಟನ್ ಕೈಗೆ ಹೋದದ್ದು ಇಡೀ ಡ್ರಾಫ್ಟ್‌ನ ಎರಡನೇ ಸರದಿ. ಅದರಲ್ಲಿ ಅವರು ಟೈಲರ್ ಸೆಗಿನ್‌ನನ್ನು ಆರಿಸಿಕೊಂಡರು. ಮುಂದಿನ ವರ್ಷ ಟೊರಾಂಟೊ ಮತ್ತೆ ಪ್ಲೇಆಫ್ ತಪ್ಪಿಸಿಕೊಂಡಿತು. ಆ ಸರದಿ ಒಂಬತ್ತನೆಯದಾಗಿ, ಡಗಿ ಹ್ಯಾಮಿಲ್ಟನ್ ಬಾಸ್ಟನ್ ಪಾಲಾದ. ಈ ನಡುವೆ 2011ರ ಜೂನ್‌ನಲ್ಲಿ ಬಾಸ್ಟನ್ ಕಪ್ಪನ್ನೇ ಗೆದ್ದಿತು, 19ರ ಸೆಗಿನ್ ಆ ತಂಡದಲ್ಲಿದ್ದ. ಕೆಸಲ್ ಬಾಸ್ಟನ್‌ಗೆ ಆಡಲು ಹೋದಾಗೆಲ್ಲ ಅಲ್ಲಿನ ಪ್ರೇಕ್ಷಕರು ಒಕ್ಕೊರಲಿನಿಂದ ‘ಥ್ಯಾಂಕ್ ಯೂ ಕೆಸಲ್’ ಎಂದು ಕೂಗುತ್ತಿದ್ದರು. ಕೆಸಲ್ ಮಾಡಿದ ತಪ್ಪೇನು? ನನಗಂತೂ ಏನೂ ಕಾಣುವುದಿಲ್ಲ. ಅವನ ಬೆಲೆಯನ್ನು ನಿರ್ಧರಿಸಿದವರು ಬೇರೆ, ಆ ಬೆಲೆಯನ್ನು ಏರಿಸಿದವರು ಅವನ ಸುತ್ತ ಆಡಿದ ಉಳಿದವರು.

ನಮ್ಮ ಮಲೆನಾಡಿನಲ್ಲಿ ಅಡಿಕೆ ಫಸಲನ್ನು ಚೇಣಿಗೆ ಕೊಡುವ ರೂಢಿ ಇದೆ. ಕೊನೆ ಇನ್ನೂ ಮರದಲ್ಲಿರುವಾಗಲೇ ತೋಟದ ಯಜಮಾನ ಮಾತಾಡಿಕೊಂಡ ಬೆಲೆಗೆ ಬಿಟ್ಟುಕೊಡುತ್ತಾನೆ. ಆಮೇಲೆ ಫಸಲು ಹೆಚ್ಚಾದರೆ ಲಾಭ ಚೇಣಿದಾರನದು, ಕೊಳೆರೋಗ ಬಂದರೆ ನಷ್ಟವೂ ಅವನದೇ. ಮೊದಲ ಸುತ್ತಿನ ಆಯ್ಕೆ ಮಾರುವುದು ಇದೇ ಥರ ಎಂದು ಮೊದಮೊದಲು ನನಗೆ ಅನಿಸುತ್ತಿತ್ತು. ಆದರೆ ಇಲ್ಲೊಂದು ವ್ಯತ್ಯಾಸವಿದೆ. ತೋಟ ಕೆಟ್ಟರೆ ಫಸಲಿನ ಬೆಲೆಯೂ ಇಳಿಯುತ್ತದೆ. ಇಲ್ಲಿ ತಂಡ ಕೆಟ್ಟಷ್ಟೂ ಅದು ಮಾರಿದ ಸರದಿಯ ಬೆಲೆ ಏರುತ್ತದೆ. ಹಾಗಾಗಿ ಇದು ಫಸಲಿಗಿಂತ ವಿಮೆಗೆ ಹತ್ತಿರ. ಮನೆಗೆ ಬೆಂಕಿ ಬಿದ್ದಾಗ ಮಾತ್ರ ದುಡ್ಡು ಕೊಡುವ ಪಾಲಿಸಿ ಅದು. ಪ್ಲೇಆಫ್ ತಪ್ಪಿಸಿಕೊಂಡ ತಂಡಗಳು ಆ ಪಾಲಿಸಿಯನ್ನು ಮಾರಿ ಮನೆಗೆ ಹೊಸ ಬಣ್ಣ ಹೊಡೆಸಿಕೊಂಡಿದ್ದವು. ನಮ್ಮ ಪ್ರಾಬಬಿಲಿಟಿ ಪಾಠದಲ್ಲಿ ಎರಡು ಘಟನೆಗಳು ಪರಸ್ಪರ ಸ್ವತಂತ್ರವೇ ಎಂದು ಮೊದಲು ಕೇಳಿಕೊಳ್ಳಿ ಎನ್ನುತ್ತಾರೆ. ಸೋಲುವುದು ಮತ್ತು ಸರದಿ ಕಳೆದುಕೊಂಡದ್ದಕ್ಕೆ ಪರಿತಪಿಸುವುದು, ಇವೆರಡೂ ಒಂದೇ ದಿನ ಬರುತ್ತವೆ. ನಷ್ಟಗಳನ್ನು ಬೇರೆ ಬೇರೆಯಾಗಿ ಎಣಿಸಿದವನಿಗೆ ಇದು ಕಾಣುವುದಿಲ್ಲ.

ಒಟ್ಟಾವಾ ಸೆನೇಟರ್ಸ್ ಕಥೆ ಇನ್ನೂ ವಿಚಿತ್ರ. 2017ರ ವಸಂತದಲ್ಲಿ ಅವರು ಸ್ಟ್ಯಾನ್ಲಿ ಕಪ್ ಫೈನಲ್‌ಗೆ ಒಂದೇ ಗೋಲಿನಷ್ಟು ದೂರದಲ್ಲಿದ್ದರು. ಪಿಟ್ಸ್‌ಬರ್ಗ್ ವಿರುದ್ಧ ಏಳನೇ ಪಂದ್ಯ, ಎರಡನೇ ಹೆಚ್ಚುವರಿ ಅವಧಿಯಲ್ಲಿ ಸೋಲು. ಇನ್ನೊಬ್ಬ ಒಳ್ಳೆಯ ಆಟಗಾರ ಇದ್ದಿದ್ದರೆ ಎಂದು ಯಾರಿಗಾದರೂ ಅನಿಸುವಂಥದ್ದೇ. ನವೆಂಬರ್‌ನಲ್ಲಿ ಕೊಲರಾಡೊದಿಂದ ಮ್ಯಾಟ್ ಡುಶೇನ್‌ನನ್ನು ತಂದರು. ಕೊಟ್ಟದ್ದರಲ್ಲಿ ಮೊದಲ ಸುತ್ತಿನ ಒಂದು ಆಯ್ಕೆಯೂ ಇತ್ತು. ಆದರೆ ಒಂದು ಜಾಣ ಷರತ್ತು ಹಾಕಿಕೊಂಡಿದ್ದರು: 2018ರ ಸರದಿ ಮೊದಲ ಹತ್ತರೊಳಗೆ ಬಂದರೆ ಅದನ್ನು ತಾವೇ ಇಟ್ಟುಕೊಂಡು, 2019ರದನ್ನು ಕೊಡಬಹುದು. ಆ ಸೀಸನ್‌ನಲ್ಲಿ ಒಟ್ಟಾವಾ 31 ತಂಡಗಳಲ್ಲಿ 30ನೆಯದಾಯಿತು! ಸಿಕ್ಕಿದ ನಾಲ್ಕನೇ ಸರದಿಯನ್ನು ಬಿಟ್ಟುಕೊಡದೆ ಬ್ರೇಡಿ ಕಚುಕ್‌ನನ್ನು ಆರಿಸಿಕೊಂಡರು. ಮುಂದೆ ಅವನೇ ತಂಡದ ನಾಯಕನಾದ. ಮರುವರ್ಷ ತಂಡ ಕಟ್ಟಕಡೆಗೆ ಬಂತು. ತಳದ ತಂಡಕ್ಕೆ ಮೊದಲ ಸರದಿ ಸಿಗುವ ಸಾಧ್ಯತೆ ಶೇ 18.5, ಆ ಟಿಕೆಟ್ ಈಗ ಕೊಲರಾಡೊ ಕೈಯಲ್ಲಿತ್ತು. ಲಾಟರಿಯಲ್ಲಿ ಅದು ಜಾರಬಹುದಾದಷ್ಟು ಕೆಳಗೆ, ನಾಲ್ಕನೇ ಸ್ಥಾನಕ್ಕೆ ಜಾರಿತು. ಆದರೂ ಕೊಲರಾಡೊ ಆರಿಸಿದ ಬೋವೆನ್ ಬೈರಂ 2022ರಲ್ಲಿ ಅವರ ಜತೆ ಕಪ್ ಎತ್ತಿದ. ಡುಶೇನ್? ಅವನನ್ನು 2019ರ ಫೆಬ್ರುವರಿಯಲ್ಲೇ ಒಟ್ಟಾವಾ ಕೊಲಂಬಸ್‌ಗೆ ಸಾಗಹಾಕಿತ್ತು.

ಇಷ್ಟಕ್ಕೇ ಒಟ್ಟಾವಾವನ್ನು ನೋಡಿ ನಗಬೇಡಿ. ಅದೇ ಒಟ್ಟಾವಾ 2018ರ ಸೆಪ್ಟೆಂಬರ್‌ನಲ್ಲಿ ತನ್ನ ದೊಡ್ಡ ತಾರೆ ಎರಿಕ್ ಕಾರ್ಲ್ಸನ್‌ನನ್ನು ಸ್ಯಾನ್ ಹೊಸೆ ಶಾರ್ಕ್ಸ್‌ಗೆ ಮಾರಿತು. ಬಂದ ಸರಕಿನಲ್ಲಿ ಸ್ಯಾನ್ ಹೊಸೆಯ 2020ರ ಮೊದಲ ಸುತ್ತೂ ಸೇರಿತ್ತು. ಶಾರ್ಕ್ಸ್ ಎಂದರೆ ಆಗ ಬಹುತೇಕ ಪ್ರತಿವರ್ಷ ಪ್ಲೇಆಫ್ ಆಡುತ್ತಿದ್ದ ತಂಡ, 2019ರಲ್ಲೂ ವೆಸ್ಟ್ ಫೈನಲ್‌ವರೆಗೆ ಹೋಯಿತು. ಖುಷಿಯಲ್ಲಿ ಕಾರ್ಲ್ಸನ್‌ಗೆ ಎಂಟು ವರ್ಷಕ್ಕೆ 9.2 ಕೋಟಿ ಡಾಲರ್ ಒಪ್ಪಂದ ಬರೆದರು. ಮರುವರ್ಷವೇ ವೆಸ್ಟ್‌ನಲ್ಲಿ ಕೊನೆಯ ಸ್ಥಾನ. ಸರದಿ ಮೂರನೆಯದಾಯಿತು, ಟಿಮ್ ಸ್ಟುಟ್ಸ್‌ಲೆ ಒಟ್ಟಾವಾಕ್ಕೆ ಹೋದ. ಮುಂದೆ 2023ರಲ್ಲಿ ಕಾರ್ಲ್ಸನ್ 101 ಅಂಕ ಗಳಿಸಿ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರನಾದ. ಆ ವರ್ಷವೂ ಶಾರ್ಕ್ಸ್ ಪ್ಲೇಆಫ್ ತಲುಪಲಿಲ್ಲ.

ಹಾಗಾದರೆ ಮಾರುವುದೇ ತಪ್ಪೇ? ಅಲ್ಲ. ಟ್ಯಾಂಪಾ ಬೇ ಲೈಟ್ನಿಂಗ್ 2020ರ ಫೆಬ್ರುವರಿಯಲ್ಲಿ ಬ್ಲೇಕ್ ಕೋಲ್ಮನ್, ಬಾರ್ಕ್ಲೆ ಗುಡ್ರೋ ಎಂಬ ಇಬ್ಬರಿಗಾಗಿ ಒಂದೊಂದು ಮೊದಲ ಸುತ್ತು ಕೊಟ್ಟಿತು. ಇಬ್ಬರೂ ತಾರೆಗಳೇನಲ್ಲ. ಆ ವರ್ಷವೂ ಮುಂದಿನ ವರ್ಷವೂ ಕಪ್ ಟ್ಯಾಂಪಾದ್ದೇ. ಅವರು ಆಗಲೇ ಬಲಿಷ್ಠರಾಗಿದ್ದರು, ಕೊನೆಯ ಎರಡು ಇಟ್ಟಿಗೆ ಬೇಕಿತ್ತು ಅಷ್ಟೇ. ವೇಗಸ್ ಇನ್ನೂ ಕುತೂಹಲದ ಉದಾಹರಣೆ. 2021ರ ನವೆಂಬರ್‌ನಲ್ಲಿ ಜ್ಯಾಕ್ ಐಕಲ್‌ಗಾಗಿ ಬಫಲೋಗೆ 2022ರ ಮೊದಲ ಸುತ್ತು ಕೊಟ್ಟರು. ಆ ಸೀಸನ್‌ನಲ್ಲಿ ತಮ್ಮ ಇತಿಹಾಸದಲ್ಲೇ ಮೊದಲ ಬಾರಿ ಪ್ಲೇಆಫ್ ತಪ್ಪಿಸಿಕೊಂಡರು. ಆದರೆ ಸರದಿ ಬಂದದ್ದು 16ನೆಯದು, ಅದಕ್ಕೂ ಮೊದಲ ಹತ್ತರ ಷರತ್ತು ಇತ್ತು. ಮರುವರ್ಷ ಐಕಲ್ ಪ್ಲೇಆಫ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿ ಕಪ್ ತಂದುಕೊಟ್ಟ. ಟೊರಾಂಟೊದ ಒಪ್ಪಂದದಲ್ಲಿ ಅಂಥ ರಕ್ಷಣೆ ಇರಲಿಲ್ಲ, ತಂಡದಲ್ಲಿ ಅಂಥ ಬುಡವೂ ಇರಲಿಲ್ಲ.

ಇನ್ನೊಂದು ಮಾತು, ಇದು ನನ್ನ ಅಭಿಪ್ರಾಯ. ನಿರ್ಧಾರ ಮಾಡುವ ಮನುಷ್ಯನ ಕುರ್ಚಿಯ ಆಯುಸ್ಸು, ಹುಡುಗ ಬೆಳೆಯಲು ಬೇಕಾದ ಕಾಲಕ್ಕಿಂತ ಕಡಿಮೆ ಇರುತ್ತದೆ. ಬರ್ಕ್ 2008ರ ನವೆಂಬರ್‌ನಲ್ಲಿ ಟೊರಾಂಟೊಗೆ ಬಂದರು, 2013ರ ಜನವರಿಯಲ್ಲಿ ಅವರನ್ನು ತೆಗೆದುಹಾಕಿದರು. ಅದೇ ವಸಂತದಲ್ಲಿ ತಂಡ ಕೊನೆಗೂ ಪ್ಲೇಆಫ್ ತಲುಪಿತು. ಅಲ್ಲಿ ಏಳನೇ ಪಂದ್ಯದಲ್ಲಿ 4–1ರಿಂದ ಮುಂದಿದ್ದು, ಹೆಚ್ಚುವರಿ ಅವಧಿಯಲ್ಲಿ 5–4ರಿಂದ ಸೋತಿತು. ಎದುರಾಳಿ ಯಾರು ಎಂದು ಬೇರೆ ಹೇಳಬೇಕೆ? ಬಾಸ್ಟನ್. ಹತ್ತೊಂಬತ್ತರ ಹುಡುಗ ಇಪ್ಪತ್ತೈದಾಗುವ ಹೊತ್ತಿಗೆ ತಾನು ಆ ಕಚೇರಿಯಲ್ಲಿ ಇರುವುದಿಲ್ಲ ಎಂದು ಗೊತ್ತಿರುವವನು ಹುಡುಗನನ್ನು ಕಾಯುತ್ತಾನೆಯೇ? ಬಾಸ್ಕೆಟ್‌ಬಾಲ್‌ನ ಎನ್‌ಬಿಎ ಇದಕ್ಕೆ ನಿಯಮವನ್ನೇ ಮಾಡಿತು. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯನ್ ಮೊದಲ ಸುತ್ತುಗಳನ್ನು ಸಾಲಾಗಿ ಮಾರುತ್ತಾ ಹೋದ. ಆಗಷ್ಟೇ ಚಾಂಪಿಯನ್ ಆಗಿದ್ದ ಲೇಕರ್ಸ್ ತಂಡ 1982ರಲ್ಲಿ ಕ್ಲೀವ್‌ಲ್ಯಾಂಡ್‌ನಿಂದ ಬಂದ ಸರದಿಯಲ್ಲೇ ಡ್ರಾಫ್ಟ್‌ನ ಮೊದಲ ಆಟಗಾರ ಜೇಮ್ಸ್ ವರ್ದಿಯನ್ನು ಎತ್ತಿಕೊಂಡಿತು. ಮುಂದಿನ ಯಾವುದೇ ಸತತ ಎರಡು ವರ್ಷಗಳಲ್ಲಿ ಮೊದಲ ಸುತ್ತಿನ ಆಯ್ಕೆಯೇ ಇಲ್ಲದಂತೆ ಮಾರಬಾರದು ಎಂಬ ನಿಯಮಕ್ಕೆ ಇವತ್ತಿಗೂ ಅವನದೇ ಹೆಸರು.

ಸ್ಯಾನ್ ಹೊಸೆ 2024ರಲ್ಲಿ ಮತ್ತೆ ತಳ ಮುಟ್ಟಿತು, ಈ ಸಲ ಇಡೀ ಲೀಗ್‌ಗೇ ಕೊನೆ. ಆದರೆ ಆ ವರ್ಷದ ಸರದಿ ಅವರ ಬಳಿಯೇ ಇತ್ತು. ಲಾಟರಿಯೂ ಒಲಿದು, ಮೊದಲನೆಯವನಾಗಿ ಮ್ಯಾಕ್ಲಿನ್ ಸೆಲೆಬ್ರಿನಿ ಎಂಬ 18ರ ಹುಡುಗ ಅವರ ತಂಡಕ್ಕೆ ಬಂದ.