ಔತಣದ ಜೆಲ್ಲಿಯೂ ಮನೆಮಂದಿಯ ಆರೋಗ್ಯವೂ

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಔತಣದ ರೂಪ ಬದಲಾಗುತ್ತ ಬಂದಿದೆ. ಹುಟ್ಟುಹಬ್ಬಕ್ಕಾಗಲಿ, ವಿವಾಹದ ವಾರ್ಷಿಕೋತ್ಸವಕ್ಕಾಗಲಿ, ಹೋಳಿಗೆ-ಪಾಯಸಗಳ ಪಕ್ಕದಲ್ಲಿಯೇ ಬಣ್ಣಬಣ್ಣದ ಚಿಕ್ಕ ಬಟ್ಟಲುಗಳ ಒಂದು ತಟ್ಟೆಯೂ ಈಗ ಬಂದು ಕೂಡುತ್ತದೆ. ಪಾಶ್ಚಾತ್ಯರ ಕಾಕ್‌ಟೇಲ್ ಎಂಬ ಮಿಶ್ರಪಾನೀಯಗಳ ಬಣ್ಣವನ್ನೂ ರುಚಿಯನ್ನೂ ಅನುಕರಿಸಿ, ಹಣ್ಣಿನ ರಸವನ್ನು ಜಿಲೆಟಿನ್‌ನೊಡನೆ ಹೆಪ್ಪುಗಟ್ಟಿಸಿ, ಒಂದೇ ಗುಟುಕಿಗೆ ನುಂಗುವಷ್ಟು ಅಳತೆಯಲ್ಲಿ ಹಂಚುವ ಜೆಲ್ಲಿ ಇದು. ಕೆಲವೆಡೆ ಇದರಲ್ಲಿ ಮದ್ಯವೂ ಸೇರಿರುತ್ತದೆ, ಕೆಲವೆಡೆ ಇರುವುದಿಲ್ಲ. ನೋಡಿ ತಿಳಿಯುವಂತಿಲ್ಲ. ಅದೇ ತಟ್ಟೆಗೆ ಶಾಕಾಹಾರವ್ರತದ ಅಜ್ಜಿಯೂ, ಮಧುಮೇಹದ ಚಿಕ್ಕಪ್ಪನೂ, ನಾಲ್ಕು ವರ್ಷದ ಮಗುವೂ ಕೈನೀಡುತ್ತಾರೆ. ಆದುದರಿಂದ ಈ ಪುಟ್ಟ ತಿನಿಸಿನ ಒಳಗೇನಿದೆ, ಅದನ್ನು ಮನೆಯಲ್ಲಿ ನಿರಪಾಯವಾಗಿ ಮಾಡುವ ಬಗೆ ಯಾವುದು ಎಂಬುದನ್ನು ವಿಚಾರಿಸುವುದು ಉಚಿತವೆನಿಸುತ್ತದೆ.

ಹಳೆಯ ನಂಟು

ಹೆಪ್ಪುಗಟ್ಟಿಸಿದ ಸಿಹಿತಿನಿಸು ನಮಗೆ ಹೊಸದೇನಲ್ಲ. ಅಕ್ಕಿಯನ್ನೋ ರಾಗಿಯನ್ನೋ ನೆನೆಸಿ ಅರೆದು, ಹಾಲು ತೆಗೆದು, ಬೆಲ್ಲದೊಡನೆ ಕಾಸಿ ತಟ್ಟೆಗೆ ಹೊಯ್ಯುವ ಹಾಲುಬಾಯಿ, ಕರಾವಳಿಯವರ ಮಣ್ಣಿ ಇವೆಲ್ಲ ಜೆಲ್ಲಿಯ ದೂರದ ಸಂಬಂಧಿಗಳೇ. ಉಡುಪಿ-ಮಂಗಳೂರುಗಳ ಕಡೆ ಪ್ರಸಿದ್ಧವಾದ ‘ಗಡ್‌ಬಡ್’ ಐಸ್‌ಕ್ರೀಮಿನ ಎತ್ತರದ ಗಾಜಿನ ಲೋಟದಲ್ಲಿ ಹಣ್ಣು, ಗೋಡಂಬಿಗಳ ನಡುವೆ ಕೆಂಪು ಜೆಲ್ಲಿಯ ಪದರವೂ ಇರುತ್ತದೆ. ಮುಂಬಯಿಯ ಕ್ರಾಫರ್ಡ್ ಮಾರ್ಕೆಟಿನ ಎದುರಿನ ಅಂಗಡಿಗಳಲ್ಲಿ ಫಾಲೂದಾ ಸವಿದವರಿಗೂ ಅದರ ಪರಿಚಯ ಉಂಟು.

ಮದ್ಯ ಬೆರೆಸಿದ ಜೆಲ್ಲಿಗೂ ದೀರ್ಘವಾದ ಇತಿಹಾಸವಿದೆ. ಅಮೆರಿಕದ ಜೆರ್ರಿ ಥಾಮಸ್ ಎಂಬಾತ 1862ರಲ್ಲಿ ಪ್ರಕಟಿಸಿದ ಪಾನೀಯಗಳ ಕೈಪಿಡಿಯಲ್ಲಿ ‘ಪಂಚ್ ಜೆಲ್ಲಿ’ಯ ವಿಧಾನವನ್ನು ಕೊಟ್ಟಿದ್ದಾನೆ. ಪಂಚ್ ಎಂಬ ಹೆಸರು ನಮ್ಮ ‘ಪಂಚ’ ಶಬ್ದದಿಂದಲೇ ಹುಟ್ಟಿತೆಂದು ನಿಘಂಟುಕಾರರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಮದ್ಯ, ಸಕ್ಕರೆ, ನಿಂಬೆ, ನೀರು, ಸಾಂಬಾರ ಎಂಬ ಐದು ವಸ್ತುಗಳ ಕೂಟ ಅದು. ಗಮನಿಸಬೇಕಾದ ಮಾತೆಂದರೆ, ಜೆರ್ರಿ ಥಾಮಸನೇ ಆ ಜೆಲ್ಲಿಯನ್ನು ಮಿತವಾಗಿ ಬಳಸಬೇಕೆಂದೂ, ಮದ್ಯದ ತೀಕ್ಷ್ಣತೆ ಅದರೊಳಗೆ ಅಡಗಿಹೋಗುವುದರಿಂದ ಅನೇಕರು ಮೋಸಹೋಗುತ್ತಾರೆಂದೂ ಎಚ್ಚರಿಸಿದ್ದನು. ಆ ಎಚ್ಚರಿಕೆ ಇಂದಿಗೂ ಹಳೆಯದಾಗಿಲ್ಲ.

ಜಿಲೆಟಿನ್ ಎಂದರೇನು?

ಜಿಲೆಟಿನ್ ಪ್ರಾಣಿಜನ್ಯ ವಸ್ತು. ದನ, ಹಂದಿ ಮೊದಲಾದವುಗಳ ಎಲುಬು ಮತ್ತು ಚರ್ಮಗಳಲ್ಲಿರುವ ಕೊಲ್ಲಾಜೆನ್ ಎಂಬ ಸಸಾರಜನಕವನ್ನು ಆಮ್ಲ ಅಥವಾ ಕ್ಷಾರಗಳಿಂದ ಸಂಸ್ಕರಿಸಿ, ಬಿಸಿನೀರಿನಲ್ಲಿ ಕರಗಿಸಿ ಅದನ್ನು ಪಡೆಯುತ್ತಾರೆ. ಜೆಲ್ಲಿಯ ಪೊಟ್ಟಣ ಕೊಳ್ಳುವಾಗ ಹಸಿರು ಗುರುತನ್ನು ನೋಡಿಕೊಳ್ಳುವುದು ಶಾಕಾಹಾರಿಗಳ ಮನೆಯಲ್ಲಿ ಅವಶ್ಯ. ಹಸಿರು ಗುರುತಿನ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಅಗರ್ ಅಥವಾ ಕ್ಯಾರಗೀನನ್ ಎಂಬ ಸಮುದ್ರಸಸ್ಯದ ವಸ್ತುಗಳಿರುತ್ತವೆ. ಘಟಕಗಳ ಪಟ್ಟಿಯಲ್ಲಿ ಅವು ಕ್ರಮವಾಗಿ 406, 407 ಎಂಬ ಸಂಖ್ಯೆಗಳಿಂದಲೂ ಕಾಣಿಸಿಕೊಳ್ಳಬಹುದು.

ಜೆಲ್ಲಿ ತಿಂದರೆ ರೋಗಿಗೆ ಶಕ್ತಿ ಬರುತ್ತದೆಂಬ ನಂಬಿಕೆ ಪುರಾತನವಾದುದು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ ಎಲುಬಿನಿಂದ ತೆಗೆದ ಜಿಲೆಟಿನ್ ಬಡವರಿಗೂ ರೋಗಿಗಳಿಗೂ ಮಾಂಸಕ್ಕೆ ಬದಲಾಗಬಲ್ಲುದೆಂಬ ವಾದವಿತ್ತು. ಅಲ್ಲಿನ ವಿಜ್ಞಾನ ಅಕಾಡೆಮಿ ನೇಮಿಸಿದ ಸಮಿತಿಯ ಪರವಾಗಿ ಮ್ಯಾಜೆಂಡಿ ಎಂಬ ವಿಜ್ಞಾನಿ 1841ರಲ್ಲಿ ಒಪ್ಪಿಸಿದ ವರದಿ, ಜಿಲೆಟಿನ್ ಒಂದನ್ನೇ ಉಣಿಸಿದ ನಾಯಿಗಳು ಬದುಕಿ ಉಳಿಯಲಾರವೆಂದು ಸಾರಿತು. ಶರೀರಕ್ಕೆ ಅವಶ್ಯವಾದ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಅದರಲ್ಲಿ ಇಲ್ಲವೆಂಬುದು ಅನಂತರ ತಿಳಿದುಬಂತು. ಆದುದರಿಂದ ಜೆಲ್ಲಿಯನ್ನು ಬಾಯಿರುಚಿಗೆಂದು ತಿನ್ನಬಹುದೇ ಹೊರತು ಪುಷ್ಟಿಗೆಂದಲ್ಲ.

ಚೈನಾ ಗ್ರಾಸ್ ಮತ್ತು ಒಬ್ಬ ಗೃಹಿಣಿಯ ಸಲಹೆ

ಅಗರ್ ಅಗರ್ ಎಂಬುದನ್ನು ಮುಂಬಯಿಯ ಕಿರಾಣಿ ಅಂಗಡಿಗಳಲ್ಲಿ ‘ಚೈನಾ ಗ್ರಾಸ್’ ಎಂದು ಕೇಳಿದರೆ ಕೊಡುತ್ತಾರೆ. ಹೆಸರಿನಲ್ಲಿ ಹುಲ್ಲು ಇದ್ದರೂ ಅದು ಹುಲ್ಲಲ್ಲ. ಕೆಂಪು ಸಮುದ್ರಪಾಚಿಯ ಸಾರ. ನಮ್ಮ ದೇಶದಲ್ಲಿ ತಮಿಳುನಾಡಿನ ರಾಮನಾಥಪುರದ ಕಡಲತೀರದಲ್ಲಿ ಮೀನುಗಾರರ ಹೆಂಗಸರು ಈ ಪಾಚಿಯನ್ನು ನೀರಿಗಿಳಿದು ಸಂಗ್ರಹಿಸುತ್ತಾರೆ.

ಈ ವಸ್ತು ವೈದ್ಯವಿಜ್ಞಾನಕ್ಕೆ ಮಾಡಿದ ಉಪಕಾರವನ್ನು ಇಲ್ಲಿ ನೆನೆಯಬೇಕು. ಜರ್ಮನಿಯ ರಾಬರ್ಟ್ ಕಾಕ್‌ನ ಪ್ರಯೋಗಾಲಯದಲ್ಲಿ ರೋಗಾಣುಗಳನ್ನು ಜಿಲೆಟಿನ್ ಮೇಲೆ ಬೆಳೆಸುತ್ತಿದ್ದರು. ಸೆಕೆ ಏರಿದಾಗ ಅದು ಕರಗಿಹೋಗುತ್ತಿತ್ತು. ಕೆಲವು ಅಣುಜೀವಿಗಳಂತೂ ಅದನ್ನೇ ತಿಂದು ನೀರಾಗಿಸುತ್ತಿದ್ದವು. ಅಲ್ಲಿ ಕೆಲಸಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಎಂಬ ವೈದ್ಯನು, ಬೇಸಗೆಯಲ್ಲಿಯೂ ನಿನ್ನ ಜೆಲ್ಲಿಗಳು ಹೇಗೆ ಗಟ್ಟಿಯಾಗಿರುತ್ತವೆ ಎಂದು ಪತ್ನಿ ಫ್ಯಾನಿ ಹೆಸ್ಸೆಯನ್ನು ಕೇಳಿದನೆಂದು ಹೇಳುತ್ತಾರೆ. ಜಾವಾದಲ್ಲಿ ನೆಲಸಿದ್ದ ಪರಿಚಿತರಿಂದ ಅಗರ್‌ನ ಉಪಯೋಗವನ್ನು ಕಲಿತಿದ್ದ ಆಕೆ 1881ರಲ್ಲಿ ಅದನ್ನೇ ಪ್ರಯೋಗಾಲಯಕ್ಕೂ ಸೂಚಿಸಿದಳು. ಕ್ಷಯರೋಗಾಣುವಿನ ಬಗ್ಗೆ 1882ರಲ್ಲಿ ಕಾಕ್ ಪ್ರಕಟಿಸಿದ ಲೇಖನದಲ್ಲಿ ಅಗರ್‌ನ ಪ್ರಸ್ತಾಪವಿದೆ, ಫ್ಯಾನಿಯ ಹೆಸರಿಲ್ಲ. ಇಂದಿಗೂ ಮುಂಬಯಿಯ ಯಾವುದೇ ರೋಗಪರೀಕ್ಷಾಲಯದಲ್ಲಿ ಗಂಟಲಿನ ದ್ರವವನ್ನೋ ಮೂತ್ರವನ್ನೋ ‘ಕಲ್ಚರ್’ಗೆ ಕೊಟ್ಟರೆ, ಅದನ್ನು ಹಚ್ಚಿ ಬೆಳೆಸುವುದು ಒಬ್ಬ ಗೃಹಿಣಿಯ ಅಡುಗೆಮನೆಯಿಂದ ಬಂದ ಈ ವಸ್ತುವಿನ ಮೇಲೆಯೇ.

ಆ ಪ್ರಯೋಗಾಲಯದ ತೊಂದರೆಯೇ ನಮ್ಮ ಮುಂಬಯಿಯ ಅಡುಗೆಮನೆಯ ತೊಂದರೆಯೂ ಹೌದು. ಜಿಲೆಟಿನ್ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಗುತ್ತದೆ. ವೈಶಾಖದ ಸೆಕೆಯಲ್ಲಿ ಜಿಲೆಟಿನ್ ಬಟ್ಟಲುಗಳನ್ನು ಮೇಜಿನ ಮೇಲಿಟ್ಟರೆ ಅತಿಥಿಗಳು ಕೈತೊಳೆದು ಬರುವಷ್ಟರಲ್ಲಿ ಅವು ಪಾನಕವಾಗಿರುತ್ತವೆ. ಚೈನಾ ಗ್ರಾಸ್ ಸುಮಾರು 35ರಿಂದ 40 ಡಿಗ್ರಿಯಲ್ಲಿಯೇ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಸುಮಾರು 85 ಡಿಗ್ರಿಯವರೆಗೆ ಕರಗುವುದಿಲ್ಲ. ಹಸಿ ಅನಾನಸು, ಪಪ್ಪಾಯಿ, ಅಂಜೂರ, ಶುಂಠಿಗಳಲ್ಲಿ ಸಸಾರಜನಕವನ್ನು ಒಡೆಯುವ ಕಿಣ್ವಗಳಿರುವುದರಿಂದ ಅವುಗಳೊಡನೆ ಜಿಲೆಟಿನ್ ಗಟ್ಟಿಯಾಗುವುದೇ ಇಲ್ಲ. ಚೈನಾ ಗ್ರಾಸ್ ಸಸಾರಜನಕವಲ್ಲವಾದ್ದರಿಂದ ಈ ಬಾಧೆ ಅದಕ್ಕಿಲ್ಲ.

ಮದ್ಯ ಸೇರಿದರೆ

ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ರಮ್ ಮೊದಲಾದವುಗಳಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಮದ್ಯಸಾರ ಇರುತ್ತದೆ. 30 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಎಂದಾಯಿತು. ಅಷ್ಟೇ ಗಾತ್ರದ ಜೆಲ್ಲಿಯ ಬಟ್ಟಲಿನಲ್ಲಿ ಅರ್ಧಭಾಗ ಮದ್ಯವಿದ್ದರೆ ಎರಡು ಬಟ್ಟಲಿಗೆ ಒಂದು ಪೆಗ್ ಪೂರ್ತಿಯಾಗುತ್ತದೆ. ದ್ರಾವಣ ಆರಿದ ಮೇಲೆ ಮದ್ಯ ಬೆರೆಸುವುದರಿಂದ ಅದು ಆವಿಯಾಗಿಯೂ ಹೋಗುವುದಿಲ್ಲ. ಲೋಟದಲ್ಲಿ ಕುಡಿಯುವವನಿಗೆ ಲೆಕ್ಕ ಸಿಗುತ್ತದೆ. ಸಿಹಿತಿನಿಸಿನಂತೆ ತಿನ್ನುವವನಿಗೆ ಸಿಗುವುದಿಲ್ಲ. ಐದಾರು ಬಟ್ಟಲು ಕೆಲವೇ ನಿಮಿಷಗಳಲ್ಲಿ ಹೊಟ್ಟೆ ಸೇರುತ್ತವೆ, ಅಮಲು ಏರುವುದು ಅನಂತರ. ಆ ಮೇಲೆ ವಾಹನ ನಡೆಸುವುದು ಎಷ್ಟು ಅಪಾಯಕರವೆಂಬುದನ್ನು ಹೇಳಬೇಕಾಗಿಲ್ಲ.

ಮಕ್ಕಳ ವಿಷಯದಲ್ಲಿ ಇದು ಗಂಭೀರವಾದುದು. ಅಲ್ಪ ಪ್ರಮಾಣದ ಮದ್ಯಸಾರವೂ ಚಿಕ್ಕ ಮಗುವಿನ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲುದು. ಮಗು ಮಂಕಾಗಿ ತೂಕಡಿಸತೊಡಗಿದರೆ ‘ಆಡಿ ದಣಿದಿದೆ’ ಎಂದು ಮಲಗಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರಿಗೂ, ನಿದ್ದೆಯ ಗುಳಿಗೆ ಸೇವಿಸುವವರಿಗೂ, ಗರ್ಭಿಣಿಯರಿಗೂ ಇದು ಸಲ್ಲದು. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ನಿರಪಾಯವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. 1949ರ ಮುಂಬಯಿ ಪಾನನಿರೋಧ ಕಾನೂನಿನ ಪ್ರಕಾರ ಮಹಾರಾಷ್ಟ್ರದಲ್ಲಿ ಮದ್ಯಸೇವನೆಗೆ ಪರವಾನಗಿ ಬೇಕು ಎಂಬುದೂ ನೆನಪಿರಲಿ.

ಇಷ್ಟಾಗಿಯೂ ಮದ್ಯದ ಜೆಲ್ಲಿ ಬೇಕೆನ್ನುವ ಮನೆಯವರು ಅದನ್ನು ಬೇರೆ ಬಣ್ಣದಲ್ಲಿ, ಬೇರೆ ತಟ್ಟೆಯಲ್ಲಿ, ಮಕ್ಕಳ ಕೈಗೆಟುಕದ ಕಡೆ, ಚೀಟಿ ಅಂಟಿಸಿ ಇಡುವುದು ಕನಿಷ್ಠ ಕರ್ತವ್ಯ. ಆದರೆ ಎಲ್ಲರೂ ಕೂಡಿ ತಿನ್ನುವ ಔತಣಕ್ಕೆ ಮದ್ಯರಹಿತ ಜೆಲ್ಲಿಯೇ ಲೇಸು. ಕಾಕ್‌ಟೇಲಿನ ರುಚಿಯ ಬಹುಭಾಗ ಹಣ್ಣು, ಹುಳಿ, ಸುವಾಸನೆಗಳಲ್ಲಿಯೇ ಅಡಗಿದೆ.

ತಯಾರಿಸುವ ಕ್ರಮ

ಅನಾನಸು-ತೆಂಗಿನಹಾಲು: ಪೋರ್ಟೊರಿಕೊ ದ್ವೀಪದ ಪ್ರಸಿದ್ಧ ‘ಪಿನ್ಯಾ ಕೊಲಾಡಾ’ದ ಜೋಡಿ ಇದು. 10 ಗ್ರಾಂ ಚೈನಾ ಗ್ರಾಸನ್ನು ಚಿಕ್ಕದಾಗಿ ಕತ್ತರಿಸಿ 400 ಮಿಲಿಲೀಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿರಿ. ಅದೇ ನೀರಿನಲ್ಲಿ ಸಣ್ಣ ಉರಿಯ ಮೇಲೆ, ಎಳೆಗಳು ಪೂರ್ತಿ ಕರಗುವವರೆಗೆ ಎಂಟು-ಹತ್ತು ನಿಮಿಷ ಕುದಿಸಿರಿ. 100 ಗ್ರಾಂ ಸಕ್ಕರೆ ಬೆರೆಸಿ ಸೋಸಿ ಎರಡು ಪಾಲು ಮಾಡಿರಿ. ಒಂದಕ್ಕೆ 300 ಮಿಲಿಲೀಟರ್ ಅನಾನಸಿನ ರಸ, ಇನ್ನೊಂದಕ್ಕೆ ಅಷ್ಟೇ ತೆಂಗಿನಹಾಲು ಸೇರಿಸಿರಿ. ರಸವೂ ಹಾಲೂ ತಣ್ಣಗಿರಬಾರದು, ಉಗುರುಬೆಚ್ಚಗಿರಬೇಕು. ಇಲ್ಲವಾದರೆ ಕೂಡಲೇ ಗಂಟುಕಟ್ಟುತ್ತದೆ. ಮೊದಲು ಅನಾನಸಿನ ಪಾಲನ್ನು ಅರ್ಧ ಬಟ್ಟಲಿಗೆ ಹೊಯ್ದು, ಮೇಲ್ಮೈ ಹೆಪ್ಪುಗಟ್ಟಿದೊಡನೆ ತೆಂಗಿನಹಾಲಿನ ಪಾಲನ್ನು ಮೆಲ್ಲಗೆ ಹೊಯ್ಯಿರಿ. ಅಷ್ಟರವರೆಗೆ ಆ ಪಾಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟಿರಬೇಕು. ಕೆಳಪದರ ಪೂರ್ತಿ ತಣಿದರೆ ಎರಡೂ ಅಂಟಿಕೊಳ್ಳದೆ ಜಾರುತ್ತವೆ. ಸುಮಾರು 30 ಚಿಕ್ಕ ಬಟ್ಟಲುಗಳಾಗುತ್ತವೆ.

ಕಿತ್ತಳೆ-ಕೋಕಮ್: ನಮ್ಮೂರಿನ ಪುನರ್ಪುಳಿ ಅಥವಾ ಮುರುಗಲನ್ನೇ ಇಲ್ಲಿ ಕೋಕಮ್ ಎನ್ನುತ್ತಾರೆ. ಮೇಲಿನ ಕ್ರಮದಲ್ಲಿಯೇ ಕೆಳಗೆ ಕೋಕಮಿನ ಕೆಂಪು, ಮೇಲೆ ನಾಗಪುರದ ಕಿತ್ತಳೆಯ ಹೊಂಬಣ್ಣ ಬರುವಂತೆ ಹೊಯ್ದರೆ ಸೂರ್ಯೋದಯದ ನೋಟ ಮೂಡುತ್ತದೆ. ಹುಳಿಯೊಡನೆ ಕುದಿಸಿದರೆ ಚೈನಾ ಗ್ರಾಸಿನ ಶಕ್ತಿ ಕುಂದುವುದರಿಂದ ಹುಳಿರಸಗಳನ್ನು ಒಲೆಯಿಂದ ಇಳಿಸಿದ ಮೇಲೆಯೇ ಬೆರೆಸಬೇಕು. ಕೋಕಮಿಗೆ 10ರ ಬದಲು 12 ಗ್ರಾಂ ಹಾಕುವುದು ಒಳ್ಳೆಯದು.

ನಿಂಬೆ-ಪುದೀನ: ಬಿಸಿ ದ್ರಾವಣದಲ್ಲಿ ಒಂದು ಹಿಡಿ ಪುದೀನ, ತುಸು ಜಜ್ಜಿದ ಶುಂಠಿ ಹಾಕಿ ಐದು ನಿಮಿಷ ಮುಚ್ಚಿಟ್ಟು ಸೋಸಿ, ನಾಲ್ಕು ನಿಂಬೆಯ ರಸ ಬೆರೆಸಿರಿ. ಕ್ಯೂಬಾದ ‘ಮೊಹೀತೊ’ವಿನ ರುಚಿಗೆ ಇದು ಸಮೀಪ. ಏಲಕ್ಕಿ ಸೇರಿಸಿದರೆ ನಮ್ಮ ರಾಮನವಮಿಯ ಪಾನಕಕ್ಕೂ ಸಮೀಪವೇ!

ಕೆಲವು ಎಚ್ಚರಿಕೆಗಳು

ರೋಗಾಣುಗಳನ್ನು ಸಾಕುವ ವಸ್ತುವೇ ಇದಾದ್ದರಿಂದ ಶುಚಿತ್ವದಲ್ಲಿ ಉದಾಸೀನ ಸಲ್ಲದು. ಹಣ್ಣಿನ ರಸ, ತೆಂಗಿನಹಾಲುಗಳು ಅಣುಜೀವಿಗಳಿಗೆ ಹಬ್ಬದೂಟ. ಕುದಿಸಿದ ನೀರು, ತೊಳೆದ ಹಣ್ಣು, ಒಣಗಿದ ಬಟ್ಟಲುಗಳನ್ನೇ ಬಳಸಬೇಕು. ಜೆಲ್ಲಿಯನ್ನು ಶೀತಕಪಾಟಿನಲ್ಲಿಟ್ಟು, ಬಡಿಸುವಾಗಷ್ಟೇ ಹೊರತೆಗೆದು, ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡದಿರುವುದು ಕ್ಷೇಮ. ಕರಗದಿರುವುದು ಕೆಡದಿರುವುದಕ್ಕೆ ಪ್ರಮಾಣವಲ್ಲ.

ಚಿಕ್ಕ ಬಟ್ಟಲಿನ ಜೆಲ್ಲಿಯನ್ನು ಹೀರಿ ನುಂಗುವಾಗ ಅದು ಮಕ್ಕಳ ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳಬಹುದು. ಕೊಂಜಾಕ್ ಎಂಬ ಗಡ್ಡೆಯ ಹಿಟ್ಟಿನ ಗಟ್ಟಿ ಜೆಲ್ಲಿಗಳಿಂದ ಮಕ್ಕಳು ಮೃತಪಟ್ಟ ಮೇಲೆ ಯುರೋಪಿನ ದೇಶಗಳು 2002ರಲ್ಲಿ ಅವನ್ನು ನಿಷೇಧಿಸಿದವು. ಐದು ವರ್ಷದೊಳಗಿನ ಮಕ್ಕಳಿಗೂ, ನುಂಗಲು ಕಷ್ಟಪಡುವ ವೃದ್ಧರಿಗೂ ಜೆಲ್ಲಿಯನ್ನು ಚಮಚದಿಂದ ಪುಡಿಮಾಡಿ, ಕುಳ್ಳಿರಿಸಿ ತಿನ್ನಿಸಬೇಕು.

ಚೈನಾ ಗ್ರಾಸ್ ಜೀರ್ಣವಾಗದ ನಾರು. ಅದರಿಂದ ಕೊಬ್ಬು ಬೆಳೆಯುವುದಿಲ್ಲ. ಆದರೆ ಸಕ್ಕರೆ ಸಕ್ಕರೆಯೇ. ಮೇಲಿನ ಅಳತೆಯಲ್ಲಿ ಬಟ್ಟಲಿಗೆ ಸುಮಾರು 3 ಗ್ರಾಂ ಸಕ್ಕರೆ ಬೀಳುತ್ತದೆ, ಹಣ್ಣಿನದು ಬೇರೆ. ಮಧುಮೇಹಿಗಳು ಒಂದೆರಡಕ್ಕೆ ನಿಲ್ಲಿಸಲಿ.

ಅತಿಥಿಯನ್ನು ಸತ್ಕರಿಸುವುದೆಂದರೆ ಅವನ ನಾಲಗೆಯನ್ನು ತಣಿಸುವುದಷ್ಟೇ ಅಲ್ಲ. ತಾನು ತಿನ್ನುತ್ತಿರುವುದು ಏನೆಂದು ಅವನಿಗೆ ತಿಳಿದಿರುವಂತೆ ನೋಡಿಕೊಳ್ಳುವುದೂ ಹೌದು. ಅಜ್ಜಿಯ ವ್ರತ, ಚಿಕ್ಕಪ್ಪನ ಪಥ್ಯ, ಮಗುವಿನ ಆಸೆ ಈ ಮೂರನ್ನೂ ಒಂದೇ ತಟ್ಟೆಯಲ್ಲಿ ಕಾಪಾಡಬಲ್ಲ ಗೃಹಿಣಿಯ ಕೈಯಡುಗೆಯೇ ಮನೆಯ ಮೊದಲ ವೈದ್ಯ.