ನೀರೊಲೆಯ ಅಳತೆ

ಗ್ಯಾಸು, ವಿದ್ಯುತ್ತು, ಸೂರ್ಯಶಾಖದ ಉಪಕರಣ ಎಲ್ಲವೂ ಬಂದಿವೆ. ಆದರೂ ಸ್ನಾನದ ನೀರಿಗೆ ಕಟ್ಟಿಗೆಯ ಒಲೆಯನ್ನೇ ನೆಚ್ಚಿದ ಮನೆಗಳು ನಮ್ಮ ಕಡೆ ಇನ್ನೂ ಉಂಟು. ರಾಯಾಪುರದ ನನ್ನ ಮನೆಯೂ ಅವುಗಳಲ್ಲೊಂದು. ಬಚ್ಚಲಿಗೆ ಹೊಸ ಒಲೆ ಹಾಕಿಸುವಾಗ, "ಸಣ್ಣದೇಕೆ? ದೊಡ್ಡದಾಗಿಯೇ ಇರಲಿ" ಎಂದು ಗವಂಡಿಗೆ ಹೇಳಿದವನು ನಾನೇ. ಶ್ರಾವಣದ ಜಡಿಮಳೆಯಲ್ಲಿ ನಸುಕಿಗೆದ್ದು ಉರಿ ಹಾಕುವ ಪಾಲು ಮಾತ್ರ ಮನೆಯವರದು. "ದೊಡ್ಡ ಒಲಿ ಹಾಕಿಸೀರಿ, ನೀರ ಕಾಯವಲ್ವು" ಎಂದು ಅವರು ಕೆಮ್ಮುತ್ತ ಹೇಳಿದಾಗ ನನ್ನ ತಪ್ಪು ನನಗೆ ತಿಳಿಯಿತು.

ಒಲೆ ದೊಡ್ಡದಾದರೆ ಶಾಖವೂ ಹೆಚ್ಚಲ್ಲವೆ? ಅಲ್ಲ. ಒಲೆಯ ಹೊಟ್ಟೆ ಅಗಲವಾದಷ್ಟೂ ಉರಿ ಹಂಡೆಯ ತಳವನ್ನು ಮುಟ್ಟದೆ ಬದಿಯಿಂದ ಹಾರಿಹೋಗುತ್ತದೆ. ತಣ್ಣನೆಯ ಗಾಳಿ ಬೇಡದಷ್ಟು ನುಗ್ಗಿ ಉರಿಯನ್ನು ಆರಿಸುತ್ತದೆ. ಗೋಡೆಗಳೂ ಶಾಖವನ್ನು ನುಂಗುತ್ತವೆ. ಹಾಗೆಂದು ತೀರ ಕಿರಿದಾದರೆ ಗಾಳಿ ಸಾಲದೆ ಕಟ್ಟಿಗೆ ಹೊಗೆಯಾಡುತ್ತದೆ. ಚಳಿದೇಶಗಳಲ್ಲಿ ಕೋಣೆಯನ್ನು ಬೆಚ್ಚಗಿಡುವ ಒಲೆಗಳಿಗೂ ಇದೇ ನಿಯಮ. ಅಳತೆ ಮೀರಿದ ಒಲೆಯಿಂದ ಸೆಕೆಯಾಯಿತೆಂದು ಗಾಳಿಯ ಬಾಯಿ ಮುಚ್ಚಿದರೆ ಕಟ್ಟಿಗೆ ಕಮರಿ, ಹೊಗೆಕೊಳವೆಯೊಳಗೆ ಡಾಂಬರಿನಂಥ ಜಿಗಟು ಕೂಡುತ್ತದೆ. ಒಮ್ಮೊಮ್ಮೆ ಅದಕ್ಕೇ ಬೆಂಕಿ ಹತ್ತುವುದೂ ಉಂಟು.

ಹಾಗಾದರೆ ಸರಿಯಾದ ಅಳತೆ ಯಾವುದು? ಒಲೆಯಿಂದಲ್ಲ, ಮೀಯುವವರಿಂದ ಎಣಿಸಲು ತೊಡಗಿರಿ. ಐದು ಜನರ ಮನೆ. ತಲೆಗೆ 20 ಲೀಟರಿನಂತೆ 100 ಲೀಟರ್ ಹದವಾದ ನೀರು ಬೇಕು. ಹಂಡೆಯಲ್ಲಿ ಚೆನ್ನಾಗಿ ಕಾದ ನೀರಿಗೆ ತಣ್ಣೀರು ಬೆರೆಸುತ್ತೇವಷ್ಟೆ. ಆದ್ದರಿಂದ 40 ಲೀಟರಿನ ಹಂಡೆ ಸಾಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸುವ ಶಾಖವನ್ನು ಒಂದು ಮಾನವೆಂದು ಹಿಡಿಯೋಣ. 40 ಲೀಟರನ್ನು 25ರಿಂದ 65 ಡಿಗ್ರಿಗೆ ಏರಿಸಲು 1600 ಮಾನ ಬೇಕು. ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 3500 ಮಾನ ಇರುತ್ತದೆ. ಒಲೆ ಕೆಟ್ಟದಾಗಿ, ಅದರ ಹತ್ತನೆಯ ಒಂದು ಪಾಲಷ್ಟೇ ನೀರಿಗೆ ಮುಟ್ಟಿದರೆ ನಾಲ್ಕೂವರೆ ಕಿಲೋ ಬೇಕಾದೀತು. ಹತ್ತರಲ್ಲಿ ಮೂರು ಪಾಲು ಮುಟ್ಟಿದರೆ ಒಂದೂವರೆ ಕಿಲೋ. ತಿಂಗಳಿಗೆ 90 ಕಿಲೋ ಕಟ್ಟಿಗೆಯ ಅಂತರ!

ಅಂಥ ಒಲೆ ಕನಸಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಎಂಬ ವಿಭಾಗದವರು ಅಡುಗೆಗೆಂದು ಹೊಗೆಯಿಲ್ಲದ 'ಅಸ್ತ್ರ ಒಲೆ'ಯನ್ನು ರೂಪಿಸಿದರು. ಹೆಸರು ಯುದ್ಧದ್ದು, ಅದರ ಹಗೆ ಮಾತ್ರ ಹೊಗೆ. ಅಡಿಯಲ್ಲಿ ಜಾಲರಿ, ಹೊಗೆಗೆ ಕೊಳವೆ, ಒಲೆಯ ಕಣ್ಣಿಗೆ ಸರಿಯಾಗಿ ಕೂಡುವ ಪಾತ್ರೆ: ಇವು ಅದರ ಗುಟ್ಟು. ನೀರೊಲೆಗೂ ಅವೇ ಸಾಕು.

ಮೊದಲು ಹಂಡೆಯನ್ನು ಕೊಂಡು, ಆಮೇಲೆ ಗವಂಡಿಯನ್ನು ಕರೆಯಿರಿ. ಉರಿಯುವ ಗೂಡು ಹಂಡೆಯ ತಳಕ್ಕಿಂತ ಕಿರಿದಾಗಿರಲಿ. ಹಂಡೆಗೂ ಗೋಡೆಗೂ ನಡುವೆ ಒಂದು ಬೆರಳಗಲ ಬಿಟ್ಟರೆ ಬಿಸಿಗಾಳಿ ಹಂಡೆಯ ಮೈ ಸವರುತ್ತ ಏರುತ್ತದೆ. ಒಲೆಯ ಬಾಯಿ ಮೂರು ನಾಲ್ಕು ಸೀಳು ಹಿಡಿಯುವಷ್ಟೇ ಇರಲಿ. ಅದು ಬಚ್ಚಲಿನ ಹೊರಗಿದ್ದರೆ ಇನ್ನೂ ಲೇಸು. ಹೊಗೆಕೊಳವೆ ಮಾಳಿಗೆಯನ್ನು ಮೀರಿ ನಿಲ್ಲಬೇಕು. ಆಗಾಗ ಅದರ ಮಸಿ ತೆಗೆಯಬೇಕು. ಒಲೆ ಒಳಗೇ ಇದ್ದರೆ, ಕೆಂಡವಿರುವಾಗ ಬಾಗಿಲು ಕಿಂಡಿಗಳನ್ನೆಲ್ಲ ಮುಚ್ಚಿಕೊಂಡು ಮೀಯಬೇಡಿರಿ. ಕೆಂಡದಿಂದೇಳುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರಾಣ ತೆಗೆಯುವ ಶಕ್ತಿ ಮಾತ್ರ ಉಂಟು.

ನಾನು ಒಲೆಯನ್ನು ಒಡೆಸಿ, ಹಂಡೆಯ ಸುತ್ತ ಮತ್ತೆ ಕಟ್ಟಿಸಿದೆ. ಕಟ್ಟಿಗೆ ಅರ್ಧಕ್ಕಿಳಿಯಿತು, ನಸುಕಿನ ಕೆಮ್ಮೂ ನಿಂತಿತು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ತರಗತಿಯಲ್ಲಿ ಎಷ್ಟು ವರ್ಷ ಹೇಳಿಕೊಟ್ಟಿದ್ದೆನೋ! ಹಂಡೆಯಿದ್ದಷ್ಟು ಒಲೆ ಎಂಬುದನ್ನು ಮಾತ್ರ ಮನೆಯಲ್ಲೇ ಕಲಿಯಬೇಕಾಯಿತು.